ಕೊಡಿಸಿದರೆ ವಾಸಿ

ನನ್ನ ಅಣ್ಣಂದಿರಿಬ್ಬರಿಗೂ ಮಾತೇ ಕಸುಬು. ದೊಡ್ಡಣ್ಣ ಡಾಕ್ಟರು, ಆದರೆ ಅವನು ರೋಗಿಯ ಕೈ ಹಿಡಿದದ್ದಕ್ಕಿಂತ ಮೈಕು ಹಿಡಿದದ್ದೇ ಹೆಚ್ಚು. ಚಿಕ್ಕಣ್ಣ ಪ್ರವಚನ ಹೇಳುತ್ತಾನೆ. ಒಬ್ಬನಿಗೆ ದೇವರಿಲ್ಲ, ಇನ್ನೊಬ್ಬನಿಗೆ ದೇವರನ್ನು ಬಿಟ್ಟರೆ ಬೇರೇನೂ ಇಲ್ಲ. ಇಬ್ಬರೂ ಸೇರಿ ತಿಂಗಳಿಗೊಮ್ಮೆ ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ ಕುಳಿತು, ಲೋಕ ಹೇಗೆ ಹುಟ್ಟಿತು, ಮನುಷ್ಯ ಯಾಕೆ ನರಳುತ್ತಾನೆ, ಸತ್ತ ಮೇಲೆ ಏನು ಅಂತ ಜಗಳವಾಡುತ್ತಾರೆ. ಅದಕ್ಕೆ 'ಮುಕ್ತ ಮಾತುಕತೆ' ಎಂದು ಹೆಸರು. ಜನ ಮುಗಿಬಿದ್ದು ಬರುತ್ತಾರೆ. ಬಿಟ್ಟಿ ಕಾಫಿಯೂ ಇರುತ್ತದೆ, ಅದು ಬೇರೆ ಮಾತು.

ಇದಕ್ಕೆಲ್ಲ ಮೂಲ ನಮ್ಮಪ್ಪ. ನಾವು ಚಿಕ್ಕವರಿದ್ದಾಗ ಊಟದ ಮೇಜಿನಲ್ಲಿ ಅವರದೊಂದು ಕಾನೂನಿತ್ತು. ಯಾರು ಏನು ಬೇಕಾದರೂ ಕೇಳಬಹುದು, ಕೇಳಿದ್ದಕ್ಕೆ ನಿಜವಾದ ಉತ್ತರ ಕೊಡಲೇಬೇಕು, 'ಸುಮ್ನೆ ತಿನ್ನು' ಅನ್ನುವ ಹಾಗಿಲ್ಲ. ಒಂದು ದಿನ ಚಿಕ್ಕಣ್ಣ, ಸತ್ತ ಮೇಲೆ ನಾವೇನಾಗ್ತೀವಿ ಅಂತ ಕೇಳಿದ. "ಗೊಬ್ಬರ ಆಗ್ತೀವಿ" ಅಂದ ದೊಡ್ಡಣ್ಣ. "ನೀನು ಗೊಬ್ಬರ ಆಗು, ನಾನು ದೇವರ ಹತ್ರ ಹೋಗ್ತೀನಿ" ಅಂದ ಚಿಕ್ಕಣ್ಣ. ಅಪ್ಪನಿಗೆ ಆ ಹೊತ್ತು ಹಿಗ್ಗೋ ಹಿಗ್ಗು. ಅವರಿಬ್ಬರೂ ಅಂದು ಹಿಡಿದ ಜಗಳವನ್ನು ತಲೆ ನರೆತರೂ ಬಿಟ್ಟಿಲ್ಲ. ನಾನೂ ಒಂದು ಪ್ರಶ್ನೆ ಕೇಳಿದ್ದೆ. ಇವರಿಬ್ಬರ ತಟ್ಟೆಯನ್ನು ನಾನ್ಯಾಕೆ ತೊಳೀಬೇಕು ಅಂತ. ಆ ಮನೆಯಲ್ಲಿ ಅದೊಂದು ಪ್ರಶ್ನೆಗೆ ಮಾತ್ರ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಇರಲಿ. ನಾನು ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಊರಿನ ಅರ್ಧ ಕಿಟಕಿಗಳ ಅಳತೆ ನನಗೆ ಗೊತ್ತು. ನನ್ನ ಯಜಮಾನರು ಬೀಗ ರಿಪೇರಿ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಒಂದು ಸ್ಟೂಲು, ಒಂದು ಬೆಂಚು, ಗೋಡೆಯ ತುಂಬ ಮೊಳೆಗೆ ನೇತುಹಾಕಿದ ಬೀಗದ ಕೈಗಳು. ಬೀದಿಯವರೆಲ್ಲ ಅವರನ್ನು 'ಬೀಗರು' ಅಂತಲೇ ಕರೆಯುತ್ತಿದ್ದರು. ನಮಗೆ ಮಕ್ಕಳಿಲ್ಲ. "ಹೆಣ್ಣು ಕೊಡಲಿಲ್ಲ, ಗಂಡು ಕೊಡಲಿಲ್ಲ, ಪುಕ್ಕಟೆ ಊರಿಗೆಲ್ಲ ಬೀಗನಾದೆ ನೋಡು" ಅಂತ ಅವರೇ ನಗುತ್ತಿದ್ದರು. ನನ್ನ ಅಣ್ಣಂದಿರೂ ಅವರನ್ನು ಬೀಗರೇ ಅಂತಲೇ ಕರೆಯುತ್ತಿದ್ದರು.

ಅವರಿಗೆ ಕೆಮ್ಮು ಶುರುವಾಯಿತು. ಕಬ್ಬಿಣದ ಪುಡಿ ಗಂಟಲಿಗೆ ಹೋಗಿದೆ ಅಂದುಕೊಂಡೆವು. ಎದೆಯ ಫೋಟೋ ತೆಗೆಸಿದಾಗ ಗಡ್ಡೆ ಅಂದರು. ದೊಡ್ಡಣ್ಣನೇ ತನ್ನ ಆಸ್ಪತ್ರೆಗೆ ಸೇರಿಸಿಕೊಂಡ.

ಆಸ್ಪತ್ರೆಯ ಕಾರಿಡಾರಿನಲ್ಲಿ, ನೀರಿನ ಫಿಲ್ಟರಿನ ಪಕ್ಕ, ದೊಡ್ಡಣ್ಣ ನನ್ನನ್ನು ನಿಲ್ಲಿಸಿಕೊಂಡು ಮಾತಾಡಿದ. ಅವನು ಮೊದಲು ಹೇಳಿದ್ದರಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ಎರಡನೇ ಘಟ್ಟ, ಮೂರನೇ ಘಟ್ಟ, ಹರಡೋದು, ಹರಡದೇ ಇರೋದು. ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ. ಕೊನೆಗೆ ಕೇಳಿದೆ.

"ಅದೆಲ್ಲ ಬಿಡು ದೊಡ್ಡಣ್ಣ. ಈ ಕೀಮೋ ಕೊಡಿಸೋಣ್ವಾ ಬೇಡ್ವಾ, ಅದನ್ನ ಹೇಳು."

"ಕೊಡಿಸಿದ್ರೆ ವಾಸಿ" ಅಂದ.

ನೀವು ಕೇಳಿದ್ದರೆ ನಿಮಗೇನು ಅನಿಸುತ್ತಿತ್ತೋ ನನಗೆ ಗೊತ್ತಿಲ್ಲ. ನನಗೆ ಅನಿಸಿದ್ದು ಒಂದೇ. ಕೊಡಿಸಿದರೆ ವಾಸಿಯಾಗುತ್ತದೆ. ನನ್ನ ಮೈಯಲ್ಲಿ ಹೋದ ಜೀವ ಬಂತು. "ದೇವರಂಥ ಮಾತು ಹೇಳಿದೆ ಕಣೋ" ಅಂತ ಅವನ ಎರಡೂ ಕೈ ಹಿಡಿದುಕೊಂಡೆ. "ಇದರಲ್ಲಿ ದೇವರನ್ನ ಯಾಕೆ ಎಳೀತೀಯ" ಅಂತ ಗೊಣಗಿ ಅವನು ಹೊರಟುಹೋದ. ಅಂಗಡಿಗೆ ಫೋನ್ ಮಾಡಿದೆ, ಚಿಕ್ಕಣ್ಣನಿಗೆ ಮಾಡಿದೆ, ನೆರೆಮನೆಯವರಿಗೆ ಮಾಡಿದೆ. ವಾಸಿಯಾಗುತ್ತಂತೆ, ವಾಸಿಯಾಗುತ್ತಂತೆ, ಅಷ್ಟೇ ನನ್ನ ಬಾಯಲ್ಲಿ.

ಆಮೇಲೆ ಶುರುವಾಯಿತು ಆ ಕೀಮೋ. ಅದನ್ನು ನಾನು ಬಣ್ಣಿಸಲಾರೆ. ಮನುಷ್ಯ ಒಳಗಿನಿಂದ ಸುಟ್ಟುಹೋದ. ಬಾಯಿ ತುಂಬ ಹುಣ್ಣು, ಗುಟುಕು ನೀರು ಕುಡಿದರೂ ಕಣ್ಣಲ್ಲಿ ನೀರು. ತಲೆದಿಂಬಿನ ಮೇಲೆ ಕೂದಲು ಉದುರಿ ಬಿದ್ದಿರುತ್ತಿತ್ತು, ನಾನು ಅವರಿಗೆ ಕಾಣದ ಹಾಗೆ ಒರೆಸಿ ತೆಗೆಯುತ್ತಿದ್ದೆ. ಅವರ ಮಂಚದ ಪಕ್ಕದ ಪರದೆಯ ಅಂಚು ಸೊಟ್ಟಗೆ ಹೊಲಿದಿತ್ತು. ದಿನವಿಡೀ ಅದನ್ನೇ ನೋಡಿಕೊಂಡು ಕೂತು ನನಗೆ ಆ ದರ್ಜಿಯ ಮೇಲೆ ಎಲ್ಲಿಲ್ಲದ ಕೋಪ ಬರುತ್ತಿತ್ತು.

ಅಣ್ಣಂದಿರಿಬ್ಬರೂ ಬರುತ್ತಿದ್ದರು. ಒಬ್ಬ ಮಂಚದ ಈ ಕಡೆ, ಒಬ್ಬ ಆ ಕಡೆ. ಒಂದು ದಿನ ಯಜಮಾನರೇ ಕೇಳಿದರು.

"ನನಗೇ ಯಾಕೆ ಬಂತು ಭಾವ ಇದು? ಬೀಡಿ ಇಲ್ಲ, ಕುಡಿತ ಇಲ್ಲ."

"ಯಾರಿಗೆ ಬೇಕಾದ್ರೂ ಬರುತ್ತೆ ಬೀಗರೇ" ಅಂದ ದೊಡ್ಡಣ್ಣ. "ಮೈಯಲ್ಲಿ ಒಂದೊಂದು ಜೀವಕೋಶವೂ ತನ್ನ ನಕಲು ಮಾಡ್ತಾನೇ ಇರುತ್ತೆ. ಎಲ್ಲೋ ಒಂದು ನಕಲು ತಪ್ಪುತ್ತೆ. ಅಷ್ಟೇ."

"ಡೂಪ್ಲಿಕೇಟ್ ಕೀ ಕೆಟ್ಟ ಹಾಗೆ."

"ಹೂಂ, ಹಾಗೇ ಅಂದ್ಕೊಳ್ಳಿ."

"ಅಷ್ಟೇ ಅಂತೆ!" ಚಿಕ್ಕಣ್ಣ ಕೆರಳಿದ. "ಇಷ್ಟು ದೊಡ್ಡ ಸಂಕಟಕ್ಕೆ 'ಅಷ್ಟೇ' ಅನ್ನೋಕೆ ನಿನಗೆ ಹೇಗಾದ್ರೂ ಮನಸ್ಸು ಬರುತ್ತೋ. ಬೀಗರೇ, ಇದರ ಹಿಂದೆ ಒಂದು ಉದ್ದೇಶ ಇದ್ದೇ ಇರುತ್ತೆ. ನಮಗೆ ಕಾಣಲ್ಲ."

"ಉದ್ದೇಶ ಇಲ್ದೇ ಕೆಟ್ಟ ಕೀ ನಾನು ಬೇಕಾದಷ್ಟು ಮಾಡಿದೀನಿ ಭಾವ" ಅಂದರು ಇವರು. ನಗಲು ಹೋಗಿ ಕೆಮ್ಮಿದರು. ಆದರೆ ಅಣ್ಣಂದಿರು ಬಿಡಬೇಕಲ್ಲ. ಉದ್ದೇಶ ಕಾಣದಿದ್ದರೆ ಅದು ಇದೆ ಅಂತ ಹೇಗೆ ಹೇಳ್ತೀಯ ಅಂತ ಇವನು, ಗಾಳಿ ಕಾಣುತ್ತೇನೋ ನಿನಗೆ ಅಂತ ಅವನು. ಮಂಚದ ಮೇಲಿದ್ದ ಮನುಷ್ಯನನ್ನು ಇಬ್ಬರೂ ಮರೆತೇಬಿಟ್ಟರು. "ನಾನು ಬಾಗಿಲಿದ್ದ ಹಾಗೆ ಕಣೇ" ಅಂದರು ಇವರು, ಅವರು ಹೋದ ಮೇಲೆ. "ಇಬ್ಬರೂ ಎರಡು ಕಡೆಯಿಂದ ಬಡೀತಾರೆ. ತೆಗೆಯೋದು ಹೇಗೆ ಅಂತ ಇಬ್ಬರಿಗೂ ಗೊತ್ತಿಲ್ಲ."

ಅವರಿಗೆ ಬೇಕಾಗಿದ್ದದ್ದು ಮನೆ. ಬೆಂಚಿನ ಮೇಲೆ ಯಾರದೋ ಅಜ್ಜನ ಕಾಲದ ಪೆಟ್ಟಿಗೆಯ ಬೀಗವೊಂದು ತೆರೆಯದೆ ಕುಳಿತಿತ್ತು. "ಅದೊಂದು ನನ್ನ ಮರ್ಯಾದೆ ತೆಗೀತಾ ಇದೆ" ಅನ್ನುತ್ತಿದ್ದರು. ದಿನವೂ ಬೆಳಿಗ್ಗೆ ನಾನು ಮುಖ ಒರೆಸುವಾಗ ಕೇಳುತ್ತಿದ್ದರು.

"ಮನೆಗೆ ಹೋಗೋಣ್ವಾ?"

"ವಾಸಿ ಆಗ್ಲಿ ರೀ, ಹೋಗೋಣ."

ಆಗ ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಭಾವ ನಿನಗೆ ಏನಾದ್ರೂ ಹೇಳಿದ್ರಾ?" ಅನ್ನುತ್ತಿದ್ದರು.

"ಹೇಳೋದೇನು, ವಾಸಿ ಅಂತ ಹೇಳಿದಾನಲ್ಲ."

"ಹೂಂ" ಅಂತ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ದಿನವೂ ಇದೇ. ಮನೆಗೆ ಹೋಗೋಣ್ವಾ, ಭಾವ ಏನಾದ್ರೂ ಹೇಳಿದ್ರಾ. ನನಗೂ ತಲೆ ಕೆಟ್ಟುಹೋಗುತ್ತಿತ್ತು. ಒಂದು ದಿನ ರೇಗಿಯೇ ಬಿಟ್ಟೆ. "ಎಂಥ ಹೇಡಿ ರೀ ನೀವು! ಇಷ್ಟು ತಡ್ಕೊಂಡಿದೀರ, ಇನ್ನೊಂದು ಸ್ವಲ್ಪ ತಡ್ಕೊಳ್ಳೋಕಾಗಲ್ವಾ? ಮನೆಯೇನು ಓಡಿಹೋಗುತ್ತಾ?" ಅವರು ಗೋಡೆಯ ಕಡೆ ತಿರುಗಿಕೊಂಡರು. ಅವತ್ತಿಂದ ಮನೆಯ ಸುದ್ದಿ ಎತ್ತಲಿಲ್ಲ. ಭಾವ ಹೇಳಿದ್ರಾ ಅನ್ನುವುದನ್ನು ಮಾತ್ರ ಬಿಡಲಿಲ್ಲ.

ಅವರು ಹೋದದ್ದು ಒಂದು ಮಧ್ಯಾಹ್ನ, ಎದುರು ಮಂಚದವರಿಗೆ ಊಟ ಬಡಿಸುತ್ತಿದ್ದಾಗ. ನಾನು ವಾರ್ಡಿನ ಡಾಕ್ಟರಮ್ಮನ ಮೇಲೆ ಹರಿಹಾಯ್ದೆ. "ವಾಸಿ ಆಗುತ್ತೆ ಅಂತಲ್ವೇನ್ರೀ ಇಷ್ಟು ಹಿಂಸೆ ಕೊಟ್ಟದ್ದು!" ಆ ಹುಡುಗಿ ಬೆಪ್ಪಾಗಿ ನಿಂತಳು. "ಇದು ವಾಸಿ ಆಗೋ ಕಾಯಿಲೆ ಅಲ್ಲ ಅಂತ ನಿಮ್ಮಣ್ಣ ಮೊದಲೇ ಹೇಳಿರಬೇಕಲ್ಲ" ಅಂದಳು. "ಕೀಮೋ ಕೊಟ್ಟರೆ ಒಂದಷ್ಟು ದಿನ ಹೆಚ್ಚು ಸಿಗಬಹುದು ಅಂತ ಕೊಟ್ಟಿದ್ದು. ಬೇಡ ಅಂದಿದ್ರೆ ಮನೆಗೆ ಕರ್ಕೊಂಡು ಹೋಗಬಹುದಿತ್ತು."

ಅಲ್ಲಿಗೆ ನನಗೆ ಗೊತ್ತಾಯಿತು. ವಾಸಿ. ಕೊಡಿಸಿದರೆ ಮೇಲು, ಕೊಡಿಸದಿದ್ದರೆ ಅಷ್ಟು ಮೇಲಲ್ಲ. ಈ ಅಂಗಡಿಗಿಂತ ಆ ಅಂಗಡಿ ವಾಸಿ ಅನ್ನುತ್ತೇವಲ್ಲ, ಆ ವಾಸಿ. ಅದೇ ಮೂರು ಕಾಸಿನ ಮಾತನ್ನು ನಾನು ಎದೆಗೆ ಕಟ್ಟಿಕೊಂಡು ಕುಣಿದಿದ್ದೆ.

ಸರಿ, ಮಾತು ತಪ್ಪಿತು. ಅವನು ಒಂದು ಹೇಳಿದ, ನಾನು ಇನ್ನೊಂದು ಕೇಳಿದೆ. ಹಾಗೆ ಆಗುವುದುಂಟು, ಅದನ್ನು ಹೇಗೋ ನುಂಗಿಕೊಂಡು ಬದುಕಬಹುದು. ಆದರೆ ನಾನು ತಪ್ಪು ತಿಳಿದುಕೊಂಡದ್ದು ಅವನಿಗೆ ಗೊತ್ತಿತ್ತೇ? ಗೊತ್ತಿದ್ದೂ ಬಿಟ್ಟನೇ? ಅದೊಂದು ತಿಳಿಯಬೇಕಿತ್ತು ನನಗೆ. ಅನ್ನ ಇಳಿಯುತ್ತಿರಲಿಲ್ಲ. ಅಂಗಡಿಯಲ್ಲಿ ಅಳತೆ ತಪ್ಪಿ, ಯಾರದೋ ಬಾಗಿಲ ಪರದೆ ಮೊಣಕಾಲಿಗೆ ಬಂತು. ಪೆಟ್ಟಿಗೆಯ ಬೀಗದವನು ಬಂದು ಬೀಗ ವಾಪಸ್ ತೆಗೆದುಕೊಂಡು ಹೋದ. ಸುತ್ತಿಗೆಯಲ್ಲಿ ಒಡೆದೆವು ಅಂತ ಆಮೇಲೆ ಅವನೇ ಹೇಳಿದ, ಒಳಗೆ ಹಳೇ ಬಟ್ಟೆ ಇತ್ತಂತೆ.

ದೊಡ್ಡಣ್ಣನನ್ನು ಅವನ ಮನೆಯಲ್ಲಿ ಕೇಳಿದೆ. "ಈಗ ಅದೆಲ್ಲ ಯಾಕಮ್ಮಾ, ಮೊದಲು ಊಟ ಮಾಡು" ಅಂದ. ಆಸ್ಪತ್ರೆಗೆ ಹೋಗಿ ಕೇಳಿದೆ, ರೌಂಡ್ಸಿಗೆ ಹೊತ್ತಾಯಿತು ಅಂದ. ಚಿಕ್ಕಣ್ಣನನ್ನು ಕೇಳಿದರೆ, "ಹೋದವರ ಬಗ್ಗೆ ಕೆದಕಬಾರದು" ಅಂತ ಕಣ್ಣು ಮುಚ್ಚಿಕೊಂಡ. ಅಪ್ಪನ ಕಾನೂನು ಊಟದ ಮೇಜಿನಲ್ಲೂ ಉಳಿದಿರಲಿಲ್ಲ. ಉಳಿದಿದ್ದದ್ದು ಒಂದೇ ಕಡೆ, ಗ್ರಂಥಾಲಯದ ಆ ಸಭಾಂಗಣದಲ್ಲಿ. ಅಲ್ಲಿ ಬಾಗಿಲಲ್ಲೇ ದಪ್ಪ ಅಕ್ಷರದಲ್ಲಿ ಬರೆದು ಹಾಕಿದ್ದಾರೆ: 'ಇಲ್ಲಿ ಯಾವ ಪ್ರಶ್ನೆಗೂ ಉತ್ತರ ತಪ್ಪಿಸುವಂತಿಲ್ಲ.' ಹಾಗಾದರೆ ಅಲ್ಲೇ ಕೇಳುತ್ತೇನೆ ಅಂದುಕೊಂಡು ಹೊರಟೆ.

ಆ ದಿನದ ವಿಷಯ 'ಸಾವಿನ ಎದುರು ನಂಬಿಕೆ ಮತ್ತು ವಿಜ್ಞಾನ'. ನಾನು ಹಿಂದಿನ ಸಾಲಿನಲ್ಲಿ ಕುಳಿತೆ. ನಿವೃತ್ತ ಲಾಯರೊಬ್ಬರು ನಡುವೆ ಕುಳಿತು, ಯಾರಾದರೂ ಹೆಚ್ಚು ಮಾತಾಡಿದರೆ ಮೇಜಿನ ಮೇಲಿನ ಗಂಟೆ ಬಾರಿಸುತ್ತಾರೆ. ಸಾವು ಅಂದರೆ ಲೆಕ್ಕ ಮುಗಿದದ್ದಲ್ಲ, ಮನೆ ಬದಲಾಯಿಸಿದ್ದು ಅಂದ ಚಿಕ್ಕಣ್ಣ. ಆ ಹೊಸ ಮನೆಯ ವಿಳಾಸ ಕೊಡು, ಕಾಗದ ಹಾಕ್ತೀನಿ ಅಂದ ದೊಡ್ಡಣ್ಣ. ಜನ ಹೋ ಅಂತ ನಕ್ಕರು. ನಾನೂ ಬೇರೆ ಯಾರ ತಂಗಿಯಾದರೂ ಆಗಿದ್ದರೆ ನಗುತ್ತಿದ್ದೆನೋ ಏನೋ.

ಆಮೇಲೆ ದೊಡ್ಡಣ್ಣ ದನಿ ಇಳಿಸಿದ. "ಇತ್ತೀಚೆಗೆ ನನ್ನ ಹತ್ತಿರದ ಬಂಧುವೊಬ್ಬರನ್ನ ಕಳಕೊಂಡೆ. ಬೀಗ ರಿಪೇರಿ ಮಾಡೋರು. ವೈದ್ಯನಾಗಿ ನಾನು ಕಲಿತದ್ದು ಏನು ಅಂದ್ರೆ, ರೋಗಿಗೆ ಸತ್ಯ ಹೇಳೋದೇ ನಾವು ಅವರಿಗೆ ಕೊಡೋ ದೊಡ್ಡ ಗೌರವ."

ನಾನು ಎದ್ದು ನಿಂತೆ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ. "ನನ್ನದೊಂದು ಪ್ರಶ್ನೆ."

ಲಾಯರು ಕನ್ನಡಕ ಸರಿಮಾಡಿಕೊಂಡರು. "ಪ್ರಶ್ನೆ ಕೊನೇಲಿ ಕೇಳಬೇಕಮ್ಮ."

"ಕೊನೇ ಆಗಿಹೋಯ್ತು ಸ್ವಾಮಿ, ಈಗಲೇ ಕೇಳ್ತೀನಿ. ದೊಡ್ಡಣ್ಣ, ಆವತ್ತು ಫಿಲ್ಟರಿನ ಹತ್ರ ಕೊಡಿಸಿದ್ರೆ ವಾಸಿ ಅಂದೆ. ನಾನು ವಾಸಿ ಆಗುತ್ತೆ ಅಂದ್ಕೊಂಡೆ. ನಾನು ಹಾಗಂದ್ಕೊಂಡಿದೀನಿ ಅಂತ ನಿನಗೆ ಗೊತ್ತಿತ್ತಾ ಇಲ್ವಾ?"

ದೊಡ್ಡಣ್ಣ ಮೈಕನ್ನು ಮುಂದಕ್ಕೆ ಎಳೆದುಕೊಂಡ, ಮತ್ತೆ ಹಿಂದಕ್ಕೆ ತಳ್ಳಿದ. "ಇವಳು ನನ್ನ ತಂಗಿ" ಅಂತ ಜನಕ್ಕೆ ಹೇಳಿದ. ಆಮೇಲೆ ಆಶಾಭಾವನೆಯಿಂದ ರೋಗಿಯ ಮನೆಯವರ ಆರೋಗ್ಯ ಹೇಗೆ ಸುಧಾರಿಸುತ್ತದೆ, ಯಾವ ದೇಶದಲ್ಲಿ ಏನು ಸಂಶೋಧನೆ ಆಗಿದೆ ಅಂತ ಶುರುಮಾಡಿದ.

"ಸಂಶೋಧನೆ ಕೇಳಲಿಲ್ಲ ನಾನು. ಗೊತ್ತಿತ್ತಾ?"

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಬರೆದದ್ದು ಒಳಗಿನಿಂದಲೂ ಕಾಣುತ್ತದೆ.

"ಗೊತ್ತಿತ್ತು" ಅಂದ. "ನೀನು ಫೋನಲ್ಲಿ ಎಲ್ಲರಿಗೂ ಹೇಳ್ತಾ ಇದ್ದದ್ದು ಕೇಳಿಸ್ತು. ತಿದ್ದೋಣ ಅಂತಲೇ ವಾಪಸ್ ಬಂದೆ. ನಿನ್ನ ಮುಖ ನೋಡಿದ ಮೇಲೆ ಆಗಲಿಲ್ಲ."

"ನಾನೇ ಬೇಡ ಅಂದದ್ದು" ಅಂತ ಚಿಕ್ಕಣ್ಣ ನಡುವೆ ಬಾಯಿ ಹಾಕಿದ. "ಇವನನ್ನ ಬೈಬೇಡ. ಅವತ್ತು ಸಂಜೆ ಇವನು ನನ್ನ ಹತ್ರ ಬಂದಿದ್ದ. ಭರವಸೆ ಅನ್ನೋದು ದೊಡ್ಡದು, ಅದನ್ನ ಕಿತ್ಕೋಬೇಡ, ಇರೋಷ್ಟು ದಿನ ನೆಮ್ಮದಿಯಾಗಿ ಇರಲಿ ಅಂದೆ. ಇವನೂ ಒಪ್ಪಿದ. ಜೀವಮಾನದಲ್ಲಿ ಮೊದಲನೇ ಸಲ ನನ್ನ ಮಾತಿಗೆ ಒಪ್ಪಿದ."

ಅಯ್ಯೋ ನನ್ನ ಅಣ್ಣಂದಿರಾ! ಲೋಕ ಯಾರು ಮಾಡಿದ್ದು ಅನ್ನುವುದರಲ್ಲಿ ಒಪ್ಪಲಿಲ್ಲ, ಅಮ್ಮ ಸತ್ತಾಗ ಮಣ್ಣೋ ಬೆಂಕಿಯೋ ಅನ್ನುವುದರಲ್ಲಿ ಒಪ್ಪಲಿಲ್ಲ. ಕೊನೆಗೆ ನಂಬಿಕೆಯೂ ವಿಜ್ಞಾನವೂ ಕೂಡಿ ಒಪ್ಪಿದ್ದು ಇದೊಂದಕ್ಕೆ, ತಂಗಿಯ ಕಣ್ಣಿಗೆ ಮಣ್ಣೆರಚುವುದಕ್ಕೆ.

"ಮತ್ತೆ ಅವರು?" ಅಂದೆ. "ಅವರಿಗೆ ಏನು ಹೇಳಿದ್ರಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬಿಡಲಿಲ್ಲ. "ಕೇಳಿದ್ದಕ್ಕೆ ಹೇಳಬೇಕು. ಅಪ್ಪನ ಕಾನೂನು."

"ಅವರಿಗೆ ಎಲ್ಲ ಹೇಳಿದ್ದೆ" ಅಂದ ದೊಡ್ಡಣ್ಣ. ದನಿ ಮೈಕಿಗೂ ಸಾಲಲಿಲ್ಲ. "ಮೊದಲನೇ ವಾರದಲ್ಲೇ ಹೇಳಿದೆ. ಹಾಗಾದ್ರೆ ನನಗೆ ಕೀಮೋ ಬೇಡ ಭಾವ, ಮನೆಗೆ ಹೋಗ್ತೀನಿ ಅಂದ್ರು. ಆದರೆ ಅವಳು ಅಷ್ಟೊಂದು ಆಸೆ ಇಟ್ಕೊಂಡಿದಾಳೆ, ನನ್ನ ಬಾಯಿಂದ ಅವಳಿಗೆ ಹೇಳೋಕಾಗಲ್ಲ, ನೀವೇ ಹೇಳಿಬಿಡಿ ಅಂದ್ರು. ನೀವು ಹೇಳೋವರೆಗೂ ತಡ್ಕೊಂಡಿರ್ತೀನಿ ಅಂದ್ರು."

"ನೀವು?"

"ಹೇಳೋಣ ಹೇಳೋಣ ಅಂತ..."

ಭಾವ ಏನಾದ್ರೂ ಹೇಳಿದ್ರಾ. ದಿನವೂ ನನ್ನ ಮುಖ ನೋಡಿ ಕೇಳುತ್ತಿದ್ದರಲ್ಲ ಆ ಮನುಷ್ಯ. ಬಾಯಲ್ಲಿ ಹುಣ್ಣಿಟ್ಟುಕೊಂಡು, ಇವತ್ತಾದರೂ ಹೇಳಿರುತ್ತಾರೆ, ಇವತ್ತಾದರೂ ಇವಳು ಮನೆಗೆ ಹೋಗೋಣ ಅನ್ನುತ್ತಾಳೆ ಅಂತ ಕಾದರಲ್ಲ. ನಾನು ಹೇಡಿ ಅಂದೆ. ಅವರು ಗೋಡೆಯ ಕಡೆ ತಿರುಗಿಕೊಂಡರು. ನನಗೆ ಕೂಗಬೇಕು ಅನಿಸಿತು, ಆ ಮೇಜನ್ನು ಬುಡಮೇಲು ಮಾಡಬೇಕು ಅನಿಸಿತು.

ಅಷ್ಟರಲ್ಲಿ ಚಿಕ್ಕಣ್ಣ ಕಣ್ಣೊರೆಸಿಕೊಂಡ. ದೊಡ್ಡಣ್ಣ ಅವನ ಹೆಗಲ ಮೇಲೆ ಕೈ ಇಟ್ಟ. ಮುಂದಿನ ಸಾಲಿನಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಸೇರಿದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ನನ್ನ ಪಕ್ಕದ ಹೆಂಗಸು ನನ್ನ ಕೈ ಅದುಮಿ, "ಎಂಥ ಅಣ್ಣಂದಿರಮ್ಮ, ಪುಣ್ಯವಂತೆ ನೀನು" ಅಂದಳು. "ನೋಡಿ, ಪ್ರೀತಿಯ ಮುಂದೆ ನಂಬಿಕೆ ವಿಜ್ಞಾನ ಎರಡೂ ಒಂದಾದವು. ನಮ್ಮ ಕಾರ್ಯಕ್ರಮ ಇವತ್ತು ಸಾರ್ಥಕ ಆಯ್ತು" ಅಂತ ಲಾಯರು ಗಂಟೆ ಬಾರಿಸಿದರು. ಕಾಫಿ ಹೊರಗೆ ಇಟ್ಟಿದೆ ಅಂದರು.

ಮೆಟ್ಟಿಲಿಳಿಯುವಾಗ ಅಣ್ಣಂದಿರಿಬ್ಬರೂ ಓಡಿಬಂದು ನನ್ನನ್ನು ನಿಲ್ಲಿಸಿದರು. ಅಕ್ಕಪಕ್ಕ ನಿಂತಿದ್ದರು. ಹಾಗೆ ಅವರು ಒಟ್ಟಿಗೆ ನಿಂತದ್ದು ನಾನು ನೋಡಿಯೇ ಇರಲಿಲ್ಲ.

"ಕೇಳಿಬಿಟ್ಟೆಯಲ್ಲ ಪುಟ್ಟಿ" ಅಂದ ದೊಡ್ಡಣ್ಣ. "ಈಗ ಸ್ವಲ್ಪ ಹಗುರ ಆಯ್ತಾ?"

"ನಮ್ಮಿಬ್ಬರಿಗೂ ನಿನ್ನ ಮೇಲೆ ಪ್ರೀತಿ ಕಣೇ, ಬೇರೇನಿಲ್ಲ" ಅಂದ ಚಿಕ್ಕಣ್ಣ.

"ನೀವಿಬ್ಬರೂ ಜಗಳ ಆಡ್ಕೊಂಡಿದ್ದದ್ದೇ ವಾಸಿ ಇತ್ತು" ಅಂದೆ. ಹಿಂದೆ ತಿರುಗಿ ನೋಡದೆ ಬಂದುಬಿಟ್ಟೆ.

ಮನೆಯ ಮುಂದಿನ ಕೋಣೆಯಲ್ಲಿ ಬಿಸಿಲಿತ್ತು. ಗೋಡೆಯ ತುಂಬ ಬೀಗದ ಕೈಗಳು ಹಾಗೇ ನೇತಾಡುತ್ತಿದ್ದವು, ಯಾವುದು ಯಾವ ಬೀಗದ್ದು ಅಂತ ನನಗೆ ಒಂದೂ ತಿಳಿಯದು. ಅವರ ಸ್ಟೂಲಿನ ಎದುರು ನೆಲದ ಮೇಲೆ ಕೂತೆ.

"ಹೂಂ ರೀ" ಅಂದೆ. "ಹೇಳಿದ್ರು."